ಮನೆಗೆ ಬ್ಯಾಕಪ್ ಆಗಿ ಸ್ಯಾಟಲೈಟ್ ಇಂಟರ್ನೆಟ್: ಅಡಿಕೆ ತೋಟದ ನಡುವೆ ನಡೀತದಾ?

ಪೆರ್ಲ_ತೋಟ
ಮನೆ ಕಾಸರಗೋಡು ಜಿಲ್ಲೆಯ ಪೆರ್ಲದಿಂದ ಒಳಗೆ, ಸುತ್ತ ಅಡಿಕೆ ತೋಟ, ಹಿಂದೆ ಗುಡ್ಡೆ. ಫೈಬರ್ ಒಂದು ಉಂಟು, ಸರಿ ಇರುವಾಗ ದೂರಿಲ್ಲ. ಮಳೆಗಾಲದಲ್ಲಿ ಮರ ಬಿದ್ದು ಕೇಬಲ್ ತುಂಡಾದರೆ ಮಾತ್ರ ಸರಿಯಾಗ್ಲಿಕ್ಕೆ ದಿನಗಟ್ಟಲೆ ಬೇಕು. ಮನೆಯಲ್ಲಿ ಇಬ್ಬರದ್ದು ವರ್ಕ್ ಫ್ರಂ ಹೋಮ್. ಸ್ಯಾಟಲೈಟ್ ಇಂಟರ್ನೆಟ್ ಬ್ಯಾಕಪ್ ಆಗಿ ಇಡುವ ಯೋಚನೆ. ಡಿಶ್ ಎಲ್ಲಿ ಕೂರಿಸುದು, ಫೈಬರ್ ಹೋದ ಕೂಡಲೇ ತನ್ನಷ್ಟಕ್ಕೆ ಅದಕ್ಕೆ ಬದಲಾಗ್ಲಿಕ್ಕೆ ಎಂತ ಮಾಡ್ಬೇಕು, ಇನ್ವರ್ಟರ್ ಎಷ್ಟು ಹೊತ್ತು ಎಳೀತದೆ, ಸಿಡಿಲಿಗೆ ಎಂತ ದಾರಿ? ಮನೆ ಹಂಚಿನದ್ದು. 25 ಮೀಟರ್ ಆಚೆ ಬಚ್ಚಲು ಕೊಟ್ಟಿಗೆ, ಅದಕ್ಕೆ ತಾರಸಿ ಉಂಟು. ಗೊತ್ತಿರುವವರು ವಿವರವಾಗಿ ಹೇಳಿ.

ಕುಂಬಳೆ_ಕೇಬಲ್
ಡಿಶ್ ವಿಷಯ ಆಮೇಲೆ. ಮೊದಲು ನೋಡ್ಬೇಕಾದ್ದು ಎರಡು ಲೈನೂ ಒಟ್ಟಿಗೆ ಹೋಗುವ ಕಾರಣ ಎಷ್ಟು ಉಂಟು ಅಂತ. ನಮ್ಮ ಕಡೆ ಫೈಬರ್ ಹೆಚ್ಚಾಗಿ ಕರೆಂಟ್ ಕಂಬದ ಮೇಲೆಯೇ ಬರುದು. 2023ರ ಜೂನ್‌ನಲ್ಲಿ ಉದ್ಘಾಟನೆಯಾದ ಕೇರಳ ಸರ್ಕಾರದ ಇಂಟರ್ನೆಟ್ ಯೋಜನೆ ಕೆ-ಫೋನ್ ಕೂಡ ಕೆಎಸ್‌ಇಬಿಯ, ಅಂದರೆ ವಿದ್ಯುತ್ ಮಂಡಳಿಯ ಜಾಲವನ್ನೇ ಹಿಡಿದು ಹೋದದ್ದು. ಮರ ಕಂಬದ ಮೇಲೆ ಬಿದ್ದರೆ ಕರೆಂಟೂ ನೆಟ್ಟೂ ಒಂದೇ ನಿಮಿಷಕ್ಕೆ ಹೋಗ್ತದೆ. ಇನ್ನೊಂದು ಕಂಪೆನಿಯ ಫೈಬರ್ ಹಾಕಿಸಿದರೂ ಅದೇ ಕಂಬ, ಅದೇ ಮರ. ಆ ಲೆಕ್ಕದಲ್ಲಿ ಸ್ಯಾಟಲೈಟ್ ಒಳ್ಳೆಯ ಆಯ್ಕೆ, ದಾರಿಯೇ ಬೇರೆ. ಆದರೆ ಡಿಶ್ಶಿನ ಪ್ಲಗ್ ಇನ್ವರ್ಟರ್ ಲೈನಿಗೆ ಬರದಿದ್ದರೆ ಬೇಕಾದ ಹೊತ್ತಿಗೆ ಅದೂ ಸತ್ತಿರ್ತದೆ. ಹಳೆ ಮನೆಗಳಲ್ಲಿ ಇನ್ವರ್ಟರ್ ವೈರಿಂಗ್ ಲೈಟು ಫ್ಯಾನಿಗೆ ಮಾತ್ರ ಇರುದು, ಪ್ಲಗ್ ಪಾಯಿಂಟಿಗೆ ಇಲ್ಲ. ಅದನ್ನು ಈಗಲೇ ನೋಡಿ.

ಉಪ್ಪಳ_ಗಲ್ಫ್
ಭಾವ ದುಬೈಯಲ್ಲಿ ಇದ್ದಾರೆ. ಅಲ್ಲಿಂದ ಒಂದು ಡಿಶ್ ತರಿಸಿದರೆ ಆಗುದಿಲ್ವಾ?

ಕಾಸರಗೋಡು_ಸಿಗ್ನಲ್
@ಉಪ್ಪಳ_ಗಲ್ಫ್ ಬೇಡ, ಖಂಡಿತ ಬೇಡ. ಇದು ಟಿವಿ ಡಿಶ್ ಅಲ್ಲ. ಆಕಾಶಕ್ಕೆ ಸಿಗ್ನಲ್ ಕಳಿಸುವ ಟ್ರಾನ್ಸ್‌ಮಿಟರ್. ಇಲ್ಲಿಯ ಪರವಾನಗಿ, ಉಪಕರಣದ ಅನುಮೋದನೆ ಎರಡೂ ಇಲ್ಲದೆ ಇಟ್ಟುಕೊಂಡರೆ ಕಾನೂನಿನ ತೊಂದರೆ, ಕಸ್ಟಮ್ಸ್‌ನಲ್ಲೇ ಹಿಡಿದಿಟ್ಟುಕೊಳ್ಳಬಹುದು. ಪರವಾನಗಿ ಇಲ್ಲದ ಸೇವೆಗೆ ಬುಕಿಂಗ್ ಮಾಡಬೇಡಿ ಅಂತ ದೂರಸಂಪರ್ಕ ಇಲಾಖೆ 2021ರ ನವೆಂಬರ್‌ನಲ್ಲೇ ಜನರಿಗೆ ಹೇಳಿತ್ತು. ಎಲಾನ್ ಮಸ್ಕ್ ಕಂಪೆನಿಯ ಸ್ಯಾಟಲೈಟ್ ಸೇವೆ ಸ್ಟಾರ್‌ಲಿಂಕ್‌ಗೆ ಇಲ್ಲಿ ಜಿಎಂಪಿಸಿಎಸ್ (ಉಪಗ್ರಹ ಸಂಪರ್ಕ ಸೇವೆಯ) ಪರವಾನಗಿ ಸಿಕ್ಕಿದ್ದು 2025ರ ಜೂನ್‌ನಲ್ಲಿ, ಇನ್‌-ಸ್ಪೇಸ್ (ಕೇಂದ್ರದ ಬಾಹ್ಯಾಕಾಶ ಅನುಮತಿ ಸಂಸ್ಥೆ) ಅನುಮತಿ ಜುಲೈಯಲ್ಲಿ. ಒನ್‌ವೆಬ್ ಮತ್ತು ಜಿಯೋ-ಎಸ್‌ಇಎಸ್ ಜೋಡಿಗೆ ಅದಕ್ಕೂ ಮೊದಲೇ ಪರವಾನಗಿ ಸಿಕ್ಕಿತ್ತು. ಅಧಿಕೃತ ಸೈಟಿನಲ್ಲಿ ನಿಮ್ಮ ಮನೆಯ ಜಾಗ ಹಾಕಿ ಸೇವೆ ತೋರಿಸಿದರೆ ಮಾತ್ರ ಹಣ ಕಟ್ಟಿ. ಮಧ್ಯವರ್ತಿಗಳಿಗೆ ಅಡ್ವಾನ್ಸ್ ಕೊಡಬೇಡಿ.

ಬದಿಯಡ್ಕ_ಡಿಶ್
ಪೆರ್ಲದವರಿಗೆ ನಿಜವಾದ ಸಮಸ್ಯೆ ಮರ. ಸ್ಟಾರ್‌ಲಿಂಕ್ ತರಹದ ಉಪಗ್ರಹಗಳು ಸುಮಾರು 550 ಕಿ.ಮೀ. ಎತ್ತರದಲ್ಲಿ ಓಡ್ತಾ ಇರ್ತವೆ. ಡಿಶ್ ಒಂದನ್ನು ಬಿಟ್ಟು ಇನ್ನೊಂದನ್ನು ಹಿಡಿಯುತ್ತಾ ಹೋಗ್ಬೇಕು, ಹಾಗಾಗಿ ಅಗಲವಾದ ಆಕಾಶ ಬೇಕು. ಸ್ಟಾಂಡರ್ಡ್ ಡಿಶ್ಶಿನ ನೋಟ 110 ಡಿಗ್ರಿ. ಅಂದರೆ ನೆತ್ತಿಯಿಂದ ಎಲ್ಲ ದಿಕ್ಕಿಗೂ 55 ಡಿಗ್ರಿ ಖಾಲಿ ಇರ್ಬೇಕು.

ಲೆಕ್ಕ ಹೀಗೆ: ಮರದ ತುದಿ ಡಿಶ್ಶಿಗಿಂತ ಎಷ್ಟು ಮೀಟರ್ ಮೇಲೆ ಉಂಟೋ ಅದನ್ನು 0.7ರಿಂದ ಭಾಗಿಸಿ. ಅಷ್ಟು ಮೀಟರ್ ದೂರದಲ್ಲಿ ಮರ ಇದ್ದರೆ ತೊಂದರೆ ಇಲ್ಲ. ಅಡಿಕೆ ಮರ 15 ಮೀಟರ್, ಡಿಶ್ 5 ಮೀಟರ್ ಎತ್ತರದಲ್ಲಿ ಅಂತ ಇಟ್ಟುಕೊಳ್ಳಿ. ವ್ಯತ್ಯಾಸ 10, ಭಾಗಿಸಿದರೆ 14 ಮೀಟರ್ ಚಿಲ್ಲರೆ. ಡಿಶ್ಶಿನ ಸುತ್ತ ಅಷ್ಟು ದೂರ ಅಡಿಕೆ ಇರಬಾರದು. ಅಂಗಳ ದೊಡ್ಡದಿದ್ದರೆ ನಡುವೆ ಸಾಧ್ಯ, ಇಲ್ಲದಿದ್ದರೆ ಗುಡ್ಡೆ ಬದಿ ಹತ್ತಬೇಕು.

ಖರೀದಿಗೆ ಮೊದಲು ಸ್ಟಾರ್‌ಲಿಂಕ್ ಆ್ಯಪಿನ ಅಡೆತಡೆ ಪರೀಕ್ಷೆ ಮಾಡಿ, ಅದಕ್ಕೆ ಡಿಶ್ ಬೇಡ. ಫೋನ್ ಕ್ಯಾಮೆರಾದಲ್ಲಿ ಇಡೀ ಆಕಾಶ ತೋರಿಸಿದರೆ ಸಾಕು. ನೆಲದಲ್ಲಿ ನಿಂತು ಮಾಡಬೇಡಿ, ಡಿಶ್ ಕೂರುವ ಎತ್ತರದಿಂದಲೇ ಮಾಡಿ.

ಅಡೂರು_ಹೊಳೆಬದಿ
ಒಂದೆರಡು ಸೋಗೆ ಅಡ್ಡ ಬಂದರೆ ಎಂತ ದೊಡ್ಡ ವಿಷಯ?

ಬದಿಯಡ್ಕ_ಡಿಶ್
@ಅಡೂರು_ಹೊಳೆಬದಿ ಯೂಟ್ಯೂಬ್ ನೋಡ್ಲಿಕ್ಕೆ ಏನೂ ಆಗುದಿಲ್ಲ, ಬಫರ್ ಇರ್ತದೆ. ವೀಡಿಯೊ ಕಾಲಿಗೆ ದೊಡ್ಡ ವಿಷಯವೇ. ಉಪಗ್ರಹ ಸೋಗೆಯ ಹಿಂದೆ ಹೋದಷ್ಟೂ ಸಲ ಕೆಲವು ಸೆಕೆಂಡ್ ಕಡಿತ. ಒದ್ದೆ ಸೋಗೆ ಒಣ ಸೋಗೆಗಿಂತ ಹೆಚ್ಚು ತಡೀತದೆ. ಬೇಸಗೆಯಲ್ಲಿ ಪರೀಕ್ಷೆ ಮಾಡಿ ಸರಿ ಉಂಟು ಅಂದದ್ದು ಆಟಿಯ ಮಳೆಯಲ್ಲಿ ಕೈಕೊಡುದು ಇದಕ್ಕೇ.

ಅಡೂರು_ಹೊಳೆಬದಿ
ಹಾಗಾದರೆ ತೆಂಗಿನ ಮರದ ತುದಿಗೇ ಕಟ್ಟಿದರೆ? ಮೇಲೆ ಯಾವ ಅಡ್ಡವೂ ಇಲ್ಲ.

ಮುಳ್ಳೇರಿಯ_ವೈರಿಂಗ್
ದಯವಿಟ್ಟು ಬೇಡ. ಮರ ಗಾಳಿಗೆ ತೂಗ್ತದೆ, ಡಿಶ್ಶಿಗೆ ಅಲುಗಾಡದ ನೆಲೆ ಬೇಕು. ಸಿಡಿಲು ಮೊದಲು ಹುಡುಕುದು ಒಂಟಿ ತೆಂಗಿನ ಮರವನ್ನೇ. ಮೇಲಿಂದ ಹೊಸ ಸೋಗೆ ಬಂದು ನಾಲ್ಕು ತಿಂಗಳಲ್ಲಿ ಡಿಶ್ ಮುಚ್ಚಿಹೋಗ್ತದೆ.

ಕಂಬವೇ ಹಾಕಿ. ಒಂದೂವರೆ ಇಂಚಿನ ಜಿಐ ಪೈಪ್, ನೀಲಿ ಪಟ್ಟಿಯ ಬಿ ಕ್ಲಾಸ್, ಹೊರ ಅಳತೆ 48 ಮಿ.ಮೀ. ಹಳದಿ ಪಟ್ಟಿಯದ್ದು ತೆಳು, ಗಾಳಿಗೆ ಬಗ್ಗುತ್ತದೆ. ಬಚ್ಚಲು ಕೊಟ್ಟಿಗೆಯ ಗೋಡೆಗೆ ಎರಡು ಕ್ಲಾಂಪ್, ನಡುವೆ ಕನಿಷ್ಠ 2 ಅಡಿ ಅಂತರ. ತಾರಸಿಯಿಂದ 2 ಮೀಟರಿಗಿಂತ ಮೇಲೆ ಹೋದರೆ ಮೂರು ದಿಕ್ಕಿಗೆ ತಂತಿ ಎಳೆದು ಕಟ್ಟಿ. ಪೈಪಿನ ಬಾಯಿಗೆ ಕ್ಯಾಪ್ ಹಾಕದಿದ್ದರೆ ನೀರು ಒಳಗಿಳಿದು ಬುಡದಿಂದ ತುಕ್ಕು. ಹಂಚಿನ ಮಾಡಿನ ಪಕ್ಕಾಸಿಗೆ ಸ್ಕ್ರೂ ಹೊಡೆಯುವ ಯೋಚನೆ ಬಿಡಿ. ಹಂಚು ಕದಲಿ ಸೋರಲಿಕ್ಕೆ ಶುರುವಾಗ್ತದೆ.

ಕೇಬಲ್ ಗೋಡೆ ಒಳಗೆ ಹೋಗುವಲ್ಲಿ ತೂತು ಹೊರಗಡೆಗೆ ಇಳಿಜಾರಾಗಿ ಇರಲಿ. ತೂತಿಗೆ ಮೊದಲು ಕೇಬಲನ್ನು ಒಂದು ಗೇಣು ಕೆಳಗೆ ಜೋತು ಬಿಟ್ಟು ಮತ್ತೆ ಮೇಲೆ ತನ್ನಿ, ನೀರು ಅಲ್ಲೇ ತೊಟ್ಟಿಕ್ಕಿ ಹೋಗಲಿ. ಹೊರಗಿನ ಇಡೀ ಉದ್ದಕ್ಕೂ ಪಿವಿಸಿ ಪೈಪ್ ಬೇಕು. ಮಂಗ ಎಳೀತದೆ, ಅಳಿಲು ಕಡೀತದೆ. ಡಿಶ್ಶಿಗೆ ಅದರ ಒಟ್ಟಿಗೆ ಬಂದ ಕೇಬಲನ್ನೇ ಹಾಕಿ. ಅದರಲ್ಲಿ ಕರೆಂಟೂ ಹೋಗುದು, ತುಂಡು ಮಾಡಿ ಜೋಡಿಸಿದ ಕಡೆ ನೀರು ಸೇರಿದರೆ ಕನೆಕ್ಟರ್ ಸುಡ್ತದೆ. ಪೇಟೆಯಲ್ಲಿ ಅಗ್ಗಕ್ಕೆ ಸಿಗುವ ಸಿಸಿಎ ಕೇಬಲ್ ಒಳಗೆ ಅಲ್ಯುಮಿನಿಯಂ, ಅದನ್ನು ಇದಕ್ಕೆ ಮುಟ್ಟಲೇಬೇಡಿ.

ಈ ಕೆಲಸ ಎಲ್ಲ ಮೇ ಕೊನೆಗೆ ಬರುವ ಪತ್ತನಾಜೆಯ ಮೊದಲು ಮುಗೀಬೇಕು. ಪಾಚಿ ಹಿಡಿದ ತಾರಸಿಯ ಮೇಲೆ ಮಳೆಯಲ್ಲಿ ಯಾರನ್ನೂ ಹತ್ತಿಸಬೇಡಿ.

ನೀರ್ಚಾಲು_ಅಡಿಕೆ
ಇನ್ನೊಂದು ಮಾತು ಸೇರಿಸ್ತೇನೆ. ತೋಟಕ್ಕೆ ಮದ್ದು ಬಿಡುವಾಗ ಡಿಶ್ ಮುಚ್ಚಿ. ಶೇಕಡಾ 1ರ ಬೋರ್ಡೋ ಅಂದರೆ 100 ಲೀಟರ್ ನೀರಿಗೆ 1 ಕೆ.ಜಿ. ಮೈಲುತುತ್ತು, 1 ಕೆ.ಜಿ. ಸುಣ್ಣ. ಆ ತಾಮ್ರದ ಅಂಶ ಅಲ್ಯುಮಿನಿಯಂ ಕ್ಲಾಂಪಿನ ಮೇಲೂ ಸತುವಿನ ಲೇಪದ ಮೇಲೂ ಕೂತರೆ ಚುಕ್ಕಿ ಚುಕ್ಕಿಯಾಗಿ ತಿಂದುಹಾಕ್ತದೆ. ಹಾರಿ ಬಂದು ಕೂತಿದ್ದರೆ ಅದೇ ದಿನ ಶುದ್ಧ ನೀರಲ್ಲಿ ತೊಳೀಬೇಕು. ನಟ್ಟು ಬೋಲ್ಟು ಸ್ಟೇನ್‌ಲೆಸ್ ಸ್ಟೀಲಿನದ್ದು ಹಾಕಿ.

ಮಂಜೇಶ್ವರ_4ಜಿ
ಇಷ್ಟೆಲ್ಲ ಯಾಕೆ ಮಾರಾಯ್ರೆ? ಒಂದು ಹೊರಾಂಗಣ 4ಜಿ ರೌಟರ್ ಕಂಬಕ್ಕೆ ಕಟ್ಟಿ ಒಂದು ಸಿಮ್ ಹಾಕಿದರೆ ಮುಗೀತು. ಅಂಗಳದ ಮೂಲೆಯಲ್ಲಿ ಫೋನಿಗೆ ಸಿಗ್ನಲ್ ಉಂಟು ಅಂದರೆ 6 ಮೀಟರ್ ಮೇಲೆ ಖಂಡಿತ ಸಿಗ್ತದೆ. ಆಂಟೆನಾ ಮೇಲೆ, ರೌಟರ್ ಕೆಳಗೆ ಮಾಡಬೇಡಿ. ಆರ್‌ಜಿ-58 ಕೇಬಲ್ 10 ಮೀಟರ್ ಎಳೆದರೆ 1800 ಮೆಗಾಹರ್ಟ್ಸ್‌ನಲ್ಲಿ ಸುಮಾರು 8 ಡಿಬಿ ಅಲ್ಲೇ ಹೋಯ್ತು. ರೌಟರೇ ಮೇಲೆ ಇದ್ದು ಕೆಳಗಿಂದ ಪಿಒಇಯಲ್ಲಿ, ಅಂದರೆ ಲ್ಯಾನ್ ಕೇಬಲಿನಲ್ಲೇ ಕರೆಂಟ್ ಕೊಟ್ಟರೆ ಆ ನಷ್ಟ ಇಲ್ಲ. ಸಿಗ್ನಲ್ ಬಲ ತೋರಿಸುವ ಆರ್‌ಎಸ್‌ಆರ್‌ಪಿ ಮೈನಸ್ 95ರ ಆಸುಪಾಸು ಬಂದರೆ ಚೆನ್ನ, ಮೈನಸ್ 110 ದಾಟಿದರೆ ಕಷ್ಟ.

ಕುಂಬಳೆ_ಕೇಬಲ್
@ಮಂಜೇಶ್ವರ_4ಜಿ ಹೈವೇ ಬದಿಗೆ ನೀವು ಹೇಳಿದ್ದು ಸರಿ. ಒಳಗಿನ ಊರಲ್ಲಿ ಟವರಿಗೂ ಫೈಬರ್ ಬೇಕಲ್ಲ? ಅದೂ ಅದೇ ರಸ್ತೆಯ ಕಂಬದಲ್ಲಿ ಬಂದಿದ್ದರೆ ನಿಮ್ಮ ಮನೆಯ ಲೈನೂ ಟವರೂ ಒಟ್ಟಿಗೆ ಮಲಗ್ತದೆ. ಕರೆಂಟ್ ಬಹಳ ಹೊತ್ತು ಬಾರದಿದ್ದರೆ ಟವರಿನ ಬ್ಯಾಟರಿಯೂ ಖಾಲಿ. ಫೋನಿನಲ್ಲಿ ಸಿಗ್ನಲ್ ಕಡ್ಡಿ ತುಂಬ ಇದ್ದು ನೆಟ್ ಮಾತ್ರ ಓಡದಿದ್ದರೆ ಅರ್ಥ ಅದೇ.

ಮಂಜೇಶ್ವರ_4ಜಿ
ಒಪ್ಪಿದೆ. ಆದರೂ ಒಂದು ಮಳೆಗಾಲದಲ್ಲಿ ಫೈಬರ್ ಹೋದಾಗಲೆಲ್ಲ ಮೊಬೈಲ್ ನೆಟ್ ಇತ್ತಾ ಇಲ್ವಾ ಅಂತ ಬರೆದಿಡಿ, ಆಮೇಲೆ ಡಿಶ್ಶಿಗೆ ಹಣ ಹಾಕಿ. ಗಡಿ ಆದ ಕಾರಣ ಪೆರ್ಲ, ಸ್ವರ್ಗ ಕಡೆ ಕರ್ನಾಟಕದ ಟವರುಗಳೂ ಸಿಗ್ತವೆ. ಅವುಗಳ ಲೈನ್ ಪುತ್ತೂರು ಕಡೆಯಿಂದ ಬರುದಾದರೆ ಇಲ್ಲಿಯ ಮರ ಬಿದ್ದರೂ ಅದಕ್ಕೆ ಏನಾಗ್ಲಿಕ್ಕಿಲ್ಲ. ರೌಟರಿನಲ್ಲಿ ಸೆಲ್ ಲಾಕ್ ಮಾಡುವ ಸೌಲಭ್ಯ ಇದ್ದರೆ ಆ ಟವರಿಗೇ ಕಟ್ಟಿಹಾಕಿ.

ಕಾಸರಗೋಡು_ಸಿಗ್ನಲ್
ಒಂದೇ ಕಡೆ ನಿಂತಂತೆ ಕಾಣುವ ಭೂಸ್ಥಿರ ಉಪಗ್ರಹದ ವಿಸ್ಯಾಟ್ (ಸಣ್ಣ ಡಿಶ್ಶಿನ ಸಂಪರ್ಕ) ಬಗ್ಗೆ ಯಾರೂ ಹೇಳಲಿಲ್ಲ. ಹ್ಯೂಸ್ ಕಂಪೆನಿ ಇಸ್ರೋದ ಜಿಸ್ಯಾಟ್-11 ಮತ್ತು ಜಿಸ್ಯಾಟ್-29 ಬಳಸಿ 2022ರಿಂದ ಬ್ರಾಡ್‌ಬ್ಯಾಂಡ್ ಕೊಡುತ್ತಿದೆ. ತೋಟದವರಿಗೆ ಅದರಲ್ಲಿ ಒಂದು ಅನುಕೂಲ ಇದೆ. ಜಿಸ್ಯಾಟ್-11 ಇರುವುದು 74 ಡಿಗ್ರಿ ಪೂರ್ವ ರೇಖಾಂಶದ ಮೇಲೆ, ಕಾಸರಗೋಡು 75ರ ಹತ್ತಿರ. ನಮ್ಮಲ್ಲಿಂದ ಅದು ದಕ್ಷಿಣಕ್ಕೆ ಸುಮಾರು 75 ಡಿಗ್ರಿ ಎತ್ತರದಲ್ಲಿ, ಹೆಚ್ಚುಕಮ್ಮಿ ನೆತ್ತಿಯ ಮೇಲೆ. ಅದು ಕದಲುವುದಿಲ್ಲವಾದ್ದರಿಂದ ಆ ಒಂದು ದಿಕ್ಕಿಗೆ ಮರಗಳ ನಡುವೆ ಕಿಂಡಿ ಇದ್ದರೆ ಸಾಕು, 110 ಡಿಗ್ರಿ ಆಕಾಶ ಬೇಕಿಲ್ಲ. ನಿಮ್ಮ ಜಾಗಕ್ಕೆ ಯಾವ ಉಪಗ್ರಹದ ಬೀಮ್ ಎಂದು ಕೇಳಿಕೊಳ್ಳಿ.

ಬದಿಯಡ್ಕ_ಡಿಶ್
ಕಿಂಡಿ ಸಾಕು, ಸರಿ. ವಿಳಂಬ? 35,786 ಕಿ.ಮೀ. ಮೇಲೆ ಹೋಗಿ ಕೆಳಗೆ ಬಂದು, ಉತ್ತರವೂ ಅದೇ ದಾರಿಯಲ್ಲಿ ಬರ್ಬೇಕು. ಬೆಳಕಿನ ವೇಗಕ್ಕೇ ಅರ್ಧ ಸೆಕೆಂಡ್ ಹತ್ತಿರ ಬೇಕು, ಉಳಿದದ್ದೆಲ್ಲ ಸೇರಿ 600 ಮಿಲಿಸೆಕೆಂಡ್ ದಾಟ್ತದೆ. ಮೀಟಿಂಗಿನಲ್ಲಿ ಇಬ್ಬರೂ ಒಟ್ಟಿಗೆ ಮಾತಾಡ್ಲಿಕ್ಕೆ ಶುರು ಮಾಡಿ ಇಬ್ಬರೂ ನಿಲ್ಲಿಸುದು. ಸ್ಟಾರ್‌ಲಿಂಕ್ ತರಹದ ಕೆಳಕಕ್ಷೆಯದ್ದರಲ್ಲಿ 25ರಿಂದ 60 ಮಿಲಿಸೆಕೆಂಡ್ ಒಳಗೆ. ವರ್ಕ್ ಫ್ರಂ ಹೋಮಿಗೆ ಬೇಕು ಅಂತ ಕೇಳಿದ್ದಾರೆ, ಅದನ್ನು ನೋಡಿ ಹೇಳ್ಬೇಕು.

ಕಾಸರಗೋಡು_ಸಿಗ್ನಲ್
ವೀಡಿಯೊ ಕಾಲಿಗೆ ಕಷ್ಟ ಎಂಬುದು ಸರಿ. ಮೇಲ್, ಬ್ಯಾಂಕ್, ಫೈಲ್ ಕಳಿಸುವುದು, ಪಾಠದ ರೆಕಾರ್ಡಿಂಗ್ ನೋಡುವುದಕ್ಕೆ ಸಾಕಾಗುತ್ತದೆ. ಮರ ಕಡಿಯದೆ ಆಗುವುದು ಅದೊಂದೇ ಆದರೆ ಅದೇ ಉತ್ತರ. ಸ್ಟಾರ್‌ಲಿಂಕ್, ಹ್ಯೂಸ್ ಎರಡೂ ಬಳಸುವುದು ಕೆಯು ಬ್ಯಾಂಡ್ ತರಂಗ, ಹಾಗಾಗಿ ಜಡಿಮಳೆಗೆ ಎರಡೂ ಕೆಲವು ನಿಮಿಷ ಮಂಕಾಗುತ್ತವೆ.

ನೀರ್ಚಾಲು_ರೌಟರ್
ಎರಡನೇ ಪ್ರಶ್ನೆಗೆ, ಅಂದರೆ ತನ್ನಷ್ಟಕ್ಕೆ ಬದಲಾಗುವ ವಿಷಯಕ್ಕೆ ಬರ್ತೇನೆ. ಹೆಚ್ಚಿನವರು ಎಡವುದು ಇಲ್ಲಿ.

ಎರಡು ವ್ಯಾನ್ ಪೋರ್ಟ್ (ಹೊರಗಿನ ಇಂಟರ್ನೆಟ್ ಲೈನ್ ಚುಚ್ಚುವ ಜಾಗ) ಇರುವ ರೌಟರ್ ಬೇಕು. ಟಿಪಿ-ಲಿಂಕ್ ಇಆರ್605, ಮೈಕ್ರೋಟಿಕ್ ಹೆಕ್ಸ್, ಅಥವಾ ಓಪನ್‌ಡಬ್ಲ್ಯುಆರ್‌ಟಿ ಎಂಬ ಸಾಫ್ಟ್‌ವೇರ್ ಹಾಕಿದ ಯಾವುದಾದರೂ ಸಾಕು. ಒಂದನೇ ವ್ಯಾನಿಗೆ ಫೈಬರ್ ಬಂದು ಸೇರುವ ಪೆಟ್ಟಿಗೆ ಒಎನ್‌ಯು, ಎರಡನೆಯದ್ದಕ್ಕೆ ಡಿಶ್. ಈಗ ನೋಡಿ: ಹೊರಗೆ ಫೈಬರ್ ತುಂಡಾದರೂ ಒಎನ್‌ಯುಗೆ ಕರೆಂಟ್ ಇರ್ತದೆ, ಸಿಗ್ನಲ್ ಇಲ್ಲ ಎನ್ನುವ ಕೆಂಪು ಎಲ್‌ಒಎಸ್ ಲೈಟ್ ಮಿನುಗ್ತದೆ, ಆದರೆ ಅದರ ಲ್ಯಾನ್ ಪೋರ್ಟ್ ಜೀವಂತ. ಒಎನ್‌ಯು ರೌಟರ್ ಮೋಡಿನಲ್ಲಿ ಇದ್ದರೆ ಪಿಂಗಿಗೂ, ಅಂದರೆ ಇದ್ದೀಯಾ ಅಂತ ಕೇಳುವ ಸಂದೇಶಕ್ಕೂ ಉತ್ತರ ಕೊಡ್ತದೆ. ನಿಮ್ಮ ರೌಟರ್ ಕೇಬಲ್ ಚುಚ್ಚಿದ್ದು ಉಂಟಾ ಅಂತ ಮಾತ್ರ ನೋಡಿದರೆ ಫೈಬರ್ ಸರಿ ಉಂಟು ಅಂತಲೇ ಲೆಕ್ಕ ಹಾಕಿ ಎಲ್ಲವನ್ನೂ ಸತ್ತ ಲೈನಿಗೇ ಕಳಿಸ್ತಾ ಇರ್ತದೆ. ಹಾಗಾಗಿ ಪರೀಕ್ಷೆ ಹೊರಗಿನ ವಿಳಾಸದ್ದೇ ಆಗ್ಬೇಕು. ಇಆರ್605ರಲ್ಲಿ ಆನ್‌ಲೈನ್ ಡಿಟೆಕ್ಷನ್ ಮ್ಯಾನುಯಲ್ ಮಾಡಿ ಹೊರಗಿನ ಐಪಿ ಕೊಡಿ. ಎರಡೂ ಲೈನಿಗೆ ಹಂಚುವ ಲೋಡ್ ಬ್ಯಾಲೆನ್ಸಿಂಗ್ ಆಫ್, ಲಿಂಕ್ ಬ್ಯಾಕಪ್ ಆನ್. ಬ್ಯಾಲೆನ್ಸಿಂಗ್ ಆನ್ ಇಟ್ಟರೆ ಸ್ಯಾಟಲೈಟ್ ಡೇಟಾ ದಿನಾ ಖರ್ಚಾಗ್ತದೆ. ಪುಟಪುಟಕ್ಕೆ ಐಪಿ ಬದಲಾಗಿ ಬ್ಯಾಂಕ್ ಸೈಟ್ ಹೊರಗೆ ಹಾಕ್ತದೆ.

ಓಪನ್‌ಡಬ್ಲ್ಯುಆರ್‌ಟಿಯ ಎಂವ್ಯಾನ್3 ಪ್ಯಾಕೇಜಿನಲ್ಲಾದರೆ 5 ಸೆಕೆಂಡಿಗೊಮ್ಮೆ ಪಿಂಗ್, 3 ಸಲ ತಪ್ಪಿದರೆ ಲೈನ್ ಬಿದ್ದದ್ದು ಅಂತ ಇಡಿ. 15 ಸೆಕೆಂಡ್ ಚಿಲ್ಲರೆಯಲ್ಲಿ ಬದಲಾಗ್ತದೆ. ವಾಪಸ್ ಬರುವಾಗ ಅವಸರ ಬೇಡ, 20 ಸಲ ಸರಿಯಾಗಿ ಉತ್ತರ ಬಂದ ಮೇಲೆಯೇ ಫೈಬರಿಗೆ ಮರಳಲಿ. ಅರ್ಧ ತುಂಡಾದ ಕೇಬಲ್ ಗಾಳಿಗೆ ಹಿಡಿದು ಬಿಟ್ಟು ಮಾಡುವಾಗ ನೆಟ್ ಅತ್ತಿತ್ತ ಹಾರುದು ಬಿದ್ದದ್ದಕ್ಕಿಂತ ಕಷ್ಟ.

ಇನ್ನು ಐಪಿ ಜಗಳ. ಹೆಚ್ಚಿನ ಒಎನ್‌ಯು 192.168.1.1, ಸ್ಟಾರ್‌ಲಿಂಕ್ ರೌಟರೂ 192.168.1.1. ಎರಡು ವ್ಯಾನಿಗೂ ಒಂದೇ ಸಬ್‌ನೆಟ್ (ವಿಳಾಸಗಳ ಗುಂಪು) ಬಂದರೆ ಏನೂ ಸರಿ ನಡೆಯುದಿಲ್ಲ. ಒಎನ್‌ಯುವನ್ನು ಬ್ರಿಜ್ ಮಾಡಿಸಿ, ಅಂದರೆ ರೌಟರ್ ಕೆಲಸ ಬಿಟ್ಟು ಲೈನನ್ನು ದಾಟಿಸುವ ಹಾಗೆ ಮಾಡಿಸಿ, ಪಿಪಿಪಿಒಇ ಲಾಗಿನ್ ನಿಮ್ಮ ರೌಟರಿನಲ್ಲಿ ಹಾಕಿ. ಯೂಸರ್‌ನೇಮ್, ಪಾಸ್‌ವರ್ಡ್, ವಿಲ್ಯಾನ್ ಸಂಖ್ಯೆ ಮೂರನ್ನೂ ಮೊದಲೇ ಕೇಳಿ ಬರೆದಿಟ್ಟುಕೊಳ್ಳಿ. ಆಗದಿದ್ದರೆ ಒಎನ್‌ಯುವಿನ ಲ್ಯಾನನ್ನು 192.168.10.1 ಮಾಡಿ. ಡಿಶ್ ಕಡೆ ಅದರ ರೌಟರನ್ನು ಬದಿಗಿಡುವ ಬೈಪಾಸ್ ಮೋಡ್. ಅದರಿಂದ ಹಿಂದೆ ಬರ್ಲಿಕ್ಕೆ ಫ್ಯಾಕ್ಟರಿ ರೀಸೆಟ್ಟೇ ಬೇಕು ಅಂತ ನೆನಪಿರಲಿ. ಡಿಶ್ಶಿನ ಪುಟ 192.168.100.1ರಲ್ಲಿ ಸಿಗ್ಲಿಕ್ಕೆ ಎರಡನೇ ವ್ಯಾನ್ ಮೂಲಕ ಒಂದು ಸ್ಟ್ಯಾಟಿಕ್ ರೂಟ್ ಹಾಕಿ.

ಕುಂಬಳೆ_ಕೇಬಲ್
ಒಂದು ತಿದ್ದುಪಡಿ. ಪರೀಕ್ಷೆಗೆ ಕೊಟ್ಟ ಐಪಿಯನ್ನೇ ಮನೆಯ ಡಿಎನ್‌ಎಸ್ (ಸೈಟಿನ ಹೆಸರಿಗೆ ಐಪಿ ಹುಡುಕಿ ಕೊಡುವ ಸರ್ವರ್) ಆಗಿ ಕೊಡಬೇಡಿ. ಮೈಕ್ರೋಟಿಕ್ಕಿನಲ್ಲಿ ರಿಕರ್ಸಿವ್ ರೂಟ್ ಮಾಡುವಾಗ 8.8.8.8 ಫೈಬರ್ ದಾರಿಯಲ್ಲೇ ಹೋಗ್ಬೇಕು ಅಂತ ಕಟ್ಟಿರ್ತೇವೆ. ಫೈಬರ್ ಹೋದರೆ ಆ ಐಪಿ ಡಿಶ್ ಮೂಲಕವೂ ಸಿಗುದಿಲ್ಲ. ಡಿಎನ್‌ಎಸ್ಸೂ ಅದೇ ಆಗಿದ್ದರೆ ಲೈನ್ ಬದಲಾದರೂ ಒಂದು ಪುಟವೂ ತೆರೆಯುದಿಲ್ಲ. ಪರೀಕ್ಷೆಗೆ 8.8.8.8, ಡಿಎನ್‌ಎಸ್‌ಗೆ 1.1.1.1 ಅಂತ ಬೇರೆ ಬೇರೆ ಇಡಿ. ಫೈಬರ್ ಕಂಪೆನಿಯ ಡಿಎನ್‌ಎಸ್ ಬೇಡವೇ ಬೇಡ. ಹಲವು ಕಂಪೆನಿಗಳದ್ದು ಅವರ ಜಾಲದ ಹೊರಗಿಂದ ಉತ್ತರ ಕೊಡುದಿಲ್ಲ.

ನೀರ್ಚಾಲು_ರೌಟರ್
@ಕುಂಬಳೆ_ಕೇಬಲ್ ಸರಿಯಾದ ಮಾತು. ಐಪಿವಿ6 ಕೂಡ ಹಾಗೆಯೇ, ಫೈಬರಿನ ಹಳೆ ಪ್ರಿಫಿಕ್ಸ್ (ವಿಳಾಸದ ಮೊದಲ ಭಾಗ) ಫೋನುಗಳಲ್ಲಿ ಉಳಿದು ಪುಟಗಳು ತಡವರಿಸ್ತವೆ. ಮೊದಲಿಗೆ ಮನೆಯೊಳಗೆ ಐಪಿವಿ6 ಆಫ್ ಮಾಡಿ ಎಲ್ಲ ನಿಲ್ಲಲಿ, ಆಮೇಲೆ ನೋಡುವ. ಪರೀಕ್ಷೆ ಮಾಡುವಾಗ ಲ್ಯಾನ್ ಕೇಬಲ್ ಕಿತ್ತು ನೋಡಿ ಖುಷಿಪಡಬೇಡಿ. ಒಎನ್‌ಯುವಿನ ಹಸಿರು ತಲೆಯ ಫೈಬರ್ ಕನೆಕ್ಟರನ್ನು ಎಳೆದು ನೋಡಿ. ನಿಜವಾಗಿ ಆಗುದು ಅದು. ತುದಿಗೆ ಕೈ ತಾಗಿಸಬೇಡಿ, ಧೂಳಿನ ಕ್ಯಾಪ್ ಹಾಕಿ.

ಮುಳ್ಳೇರಿಯ_ವೈರಿಂಗ್
ಇನ್ವರ್ಟರ್ ಲೆಕ್ಕ. 12 ವೋಲ್ಟ್ 150 ಎಎಚ್ ಟ್ಯೂಬುಲರ್ ಬ್ಯಾಟರಿ ಅಂದರೆ ಕಾಗದದ ಮೇಲೆ 1800 ವ್ಯಾಟ್-ಗಂಟೆ. ಶೇಕಡಾ 80 ಮಾತ್ರ ಇಳಿಸುದು, ಇನ್ವರ್ಟರಿನ ನಷ್ಟ ಶೇಕಡಾ 15 ಕಳೆದರೆ ಕೈಗೆ ಸಿಗುದು 1200ರ ಆಸುಪಾಸು. ಸ್ಟಾಂಡರ್ಡ್ ಡಿಶ್ 75ರಿಂದ 100 ವ್ಯಾಟ್, ಒಎನ್‌ಯು ಮತ್ತು ರೌಟರ್ ಸೇರಿ 25. ಒಟ್ಟು 125 ಹಿಡಿದರೆ ಒಂಬತ್ತೂವರೆ ಗಂಟೆ, ಅದೂ ಫ್ಯಾನ್ ಲೈಟ್ ಏನೂ ಹಾಕದೆ. 75 ವ್ಯಾಟಿನ ಹಳೆ ಫ್ಯಾನ್ ಒಂದು ಸೇರಿದರೆ 6 ಗಂಟೆ. ಸ್ಟಾರ್‌ಲಿಂಕ್‌ನ ಸಣ್ಣ ಮಾದರಿ ಮಿನಿ ಡಿಶ್ 25ರಿಂದ 40 ವ್ಯಾಟ್, ಅದರಲ್ಲಿ ಫ್ಯಾನ್ ಇಲ್ಲದೆ 18 ಗಂಟೆ ಬರ್ತದೆ. ಬ್ಯಾಕಪ್ ಮಾತ್ರ ಉದ್ದೇಶ ಆದರೆ ಮಿನಿಯೇ ಲೇಸು. ಹಿಮ ಕರಗಿಸುವ ಸೆಟ್ಟಿಂಗ್ ಆಫ್ ಮಾಡಿ, ಸುಮ್ಮನೆ ಕರೆಂಟ್ ತಿನ್ನುದು ಬೇಡ.

ಇನ್ವರ್ಟರ್ ಸೈನ್ ವೇವ್ ಇರಲಿ, ಸ್ವಿಚ್ ಯುಪಿಎಸ್ ಮೋಡಿನಲ್ಲಿ ಇಡಿ. ಇಲ್ಲದಿದ್ದರೆ ಕರೆಂಟ್ ಹೋದ ಪ್ರತಿ ಸಲ ರೌಟರೂ ಡಿಶ್ಶೂ ರೀಸ್ಟಾರ್ಟ್ ಆಗಿ ಕೆಲವು ನಿಮಿಷ ಹೋಗ್ತದೆ.

ಅಡೂರು_ಹೊಳೆಬದಿ
ಮಿನಿ ಹೇಗೂ 12 ವೋಲ್ಟಲ್ಲಿ ಓಡ್ತದಲ್ಲ, ಬ್ಯಾಟರಿಯಿಂದ ನೇರ ಕೊಟ್ಟರೆ?

ಮುಳ್ಳೇರಿಯ_ವೈರಿಂಗ್
ಹತ್ತಿರ ಇದ್ದರೆ ಆಗ್ತದೆ. 12ರಿಂದ 48 ವೋಲ್ಟ್ ತೆಗೊಳ್ತದೆ, 12 ಅದರ ಕೆಳಮಿತಿ. 1.5 ಚದರ ಮಿ.ಮೀ. ವೈರಿನಲ್ಲಿ 10 ಮೀಟರ್ ಹೋಗಿ ಬರುವಾಗ 4 ಆಂಪಿಯರಿಗೆ 1 ವೋಲ್ಟ್ ಹತ್ತಿರ ನಷ್ಟ. ಅರ್ಧ ಇಳಿದ ಬ್ಯಾಟರಿಗೆ ಅಷ್ಟು ಸಾಕು ಡಿಶ್ ಆರ್ಲಿಕ್ಕೆ. ಬ್ಯಾಟರಿ ಹತ್ತಿರವೇ 24 ವೋಲ್ಟಿಗೆ ಏರಿಸುವ ಕನ್ವರ್ಟರ್ ಹಾಕಿ, ಬ್ಯಾಟರಿಯ ಪ್ಲಸ್ ಟರ್ಮಿನಲ್ ಪಕ್ಕದಲ್ಲೇ 10 ಆಂಪಿಯರ್ ಫ್ಯೂಸ್ ಹಾಕಿ.

ಸಿಡಿಲಿನ ವಿಷಯವನ್ನೂ ಹೇಳಿಬಿಡ್ತೇನೆ. ತುಲಾ ತಿಂಗಳ (ಅಕ್ಟೋಬರ್-ನವೆಂಬರ್) ಸಂಜೆಯ ಗುಡುಗು ನಮಗೆ ದೊಡ್ಡ ಶತ್ರು. ಕಂಬದಿಂದ 25×3 ಮಿ.ಮೀ. ಜಿಐ ಪಟ್ಟಿ ನೇರ ಕೆಳಗೆ ಬರ್ಬೇಕು, ಚೂಪಾದ ತಿರುವು ಬೇಡ. ಮುರಕಲ್ಲಿನ ನೆಲದಲ್ಲಿ ಕಡ್ಡಿ ಇಳಿಯುದಿಲ್ಲ, ಇಳಿದರೂ ಬೇಸಗೆಗೆ ಒಣಗಿ ಅರ್ತಿಂಗ್ ಹೋಗ್ತದೆ. ಬಚ್ಚಲ ನೀರು ಹರಿಯುವ ಬದಿ ಮಣ್ಣು ಯಾವಾಗಲೂ ಒದ್ದೆ, ಅಲ್ಲಿ ಗುಂಡಿ ತೆಗೆದು ತೇವ ಹಿಡಿದಿಡುವ ಬೆಂಟೊನೈಟ್ ಪುಡಿ ಹಾಕಿ ತುಂಬಿ. ಕಂಬದ ಅರ್ತನ್ನು ಮನೆಯ ಅರ್ತಿಗೆ ಜೋಡಿಸಲೇಬೇಕು. ಬೇರೆ ಬೇರೆ ಬಿಟ್ಟರೆ ಸಿಡಿಲಿನ ಹೊತ್ತಿಗೆ ಎರಡರ ನಡುವಿನ ವೋಲ್ಟೇಜ್ ಸಮ ಆಗ್ಲಿಕ್ಕೆ ನಿಮ್ಮ ರೌಟರಿನ ಮೂಲಕವೇ ದಾರಿ ಮಾಡ್ತದೆ.

ನೀರ್ಚಾಲು_ರೌಟರ್
ಇದಕ್ಕೆ ಇನ್ನೂ ಒಳ್ಳೆಯ ಉಪಾಯ ಉಂಟು. ಡಿಶ್ಶಿನ ಪವರ್ ಸಪ್ಲೈ ಬಚ್ಚಲು ಕೊಟ್ಟಿಗೆಯಲ್ಲೇ ಇರಲಿ. ಅಲ್ಲಿಂದ ಮನೆಗೆ 25 ಮೀಟರ್ ತಾಮ್ರದ ಲ್ಯಾನ್ ಕೇಬಲ್ ಬದಲು ಫೈಬರ್ ಎಳೆದು ಎರಡೂ ತುದಿಗೆ ಒಂದೊಂದು ಮೀಡಿಯಾ ಕನ್ವರ್ಟರ್ (ಫೈಬರನ್ನು ಲ್ಯಾನಿಗೆ ಬದಲಿಸುವ ಪೆಟ್ಟಿಗೆ) ಹಾಕಿ. ಜೋಡಿಗೆ 10 ವ್ಯಾಟ್ ಒಳಗೆ. ಸ್ಟೀಲ್ ತಂತಿ ಇಲ್ಲದ ಫೈಬರೇ ಬೇಕು, ಡ್ರಾಪ್ ಕೇಬಲಿನ ಒಳಗೆ ತಂತಿ ಇರ್ತದೆ. ಡಿಶ್ಶಿಗೆ ಹೊಡೆದದ್ದು ಲ್ಯಾನ್ ದಾರಿಯಲ್ಲಿ ಮನೆಯ ಕಂಪ್ಯೂಟರಿಗೆ ಬರುದು ಅಲ್ಲಿಗೆ ನಿಂತಿತು.

ಮುಳ್ಳೇರಿಯ_ವೈರಿಂಗ್
ಲ್ಯಾನ್ ದಾರಿ ನಿಂತಿತು, ಕರೆಂಟ್ ವೈರಿನ ದಾರಿ ಉಳಿಯಿತಲ್ಲ. ಕೊಟ್ಟಿಗೆಗೆ ಹೋಗುವ ಲೈನಿನ ಎರಡೂ ತುದಿಗೆ ಎಸ್‌ಪಿಡಿ (ಒಮ್ಮೆಗೇ ಏರುವ ವೋಲ್ಟೇಜ್ ತಡೆಯುವ ಉಪಕರಣ) ಹಾಕಿ. ಹಾಕಿದರೂ ನೇರ ಹೊಡೆತಕ್ಕೆ ಯಾವುದೂ ತಡೆ ಅಲ್ಲ. ಮಿಂಚಿಗೂ ಗುಡುಗಿಗೂ ನಡುವೆ 30 ಸೆಕೆಂಡಿಗಿಂತ ಕಮ್ಮಿ ಇದ್ದರೆ ಸಿಡಿಲು 10 ಕಿ.ಮೀ. ಒಳಗೆ ಉಂಟು. ಆಗ ಪ್ಲಗ್ ಕೀಳುದು ಬಿಟ್ಟು ಬೇರೆ ಮದ್ದಿಲ್ಲ. ತಲೆಮೇಲೆ ಗುಡುಗುವಾಗ ಕೀಳ್ಲಿಕ್ಕೆ ಕೊಟ್ಟಿಗೆಗೆ ಓಡಬೇಡಿ, ಮೊದಲೇ ಕೀಳಿ.

ಪೆರ್ಲ_ತೋಟ
ತುಂಬಾ ಉಪಕಾರ ಎಲ್ಲರಿಗೂ. ಕೊಟ್ಟಿಗೆ ತಾರಸಿಯಲ್ಲಿ ಆ್ಯಪ್ ಪರೀಕ್ಷೆ ಮಾಡಿದೆ. ಪಶ್ಚಿಮಕ್ಕೆ ಐದಾರು ಅಡಿಕೆ ಮರ ಅಡ್ಡ ತೋರಿಸ್ತದೆ, ಉಳಿದ ಕಡೆ ಖಾಲಿ. ಮನೆಯ ಸಿಸಿಟಿವಿ ಡಿಶ್ ಲೈನಿನಲ್ಲೂ ಹೊರಗಿಂದ ನೋಡ್ಲಿಕ್ಕೆ ಆಗ್ತದಾ?

ಬದಿಯಡ್ಕ_ಡಿಶ್
ಕಂಬವನ್ನು ತಾರಸಿಯ ಪೂರ್ವ ಅಂಚಿಗೆ ಸರಿಸಿ, 2 ಮೀಟರ್ ಎತ್ತರಿಸಿ ಇನ್ನೊಮ್ಮೆ ನೋಡಿ. 2 ಮೀಟರ್ ಏರಿಸಿದರೆ ಮರದಿಂದ ಬೇಕಾದ ದೂರ ಸುಮಾರು 3 ಮೀಟರ್ ಕಮ್ಮಿ ಆಗ್ತದೆ. ಫಸಲು ಕೊಡುವ ಮರ ಈಗಲೇ ಕಡೀಬೇಡಿ.

ನೀರ್ಚಾಲು_ರೌಟರ್
ಡಿಶ್ ಲೈನಿನಲ್ಲಿ ಸಿಗುದು ಹಲವರು ಹಂಚಿಕೊಳ್ಳುವ ಸಿಜಿನ್ಯಾಟ್ ಐಪಿ, 100.64ರಿಂದ 100.127ರೊಳಗೆ ಶುರುವಾಗುವಂಥದ್ದು. ಹೊರಗಿಂದ ನೇರ ಒಳಗೆ ಬಿಡುವ ಪೋರ್ಟ್ ಫಾರ್ವರ್ಡ್ ನಡೆಯುದಿಲ್ಲ. ಕ್ಯಾಮೆರಾದ ಸ್ವಂತ ಆ್ಯಪ್ ಪಿ2ಪಿ (ಕಂಪೆನಿಯ ಸರ್ವರ್ ನೆರವಿನಲ್ಲಿ ಜೋಡಿಸುವಂಥದ್ದು) ಇದ್ದರೆ ಕಾಣ್ತದೆ, ಇಲ್ಲದಿದ್ದರೆ ಟೇಲ್‌ಸ್ಕೇಲ್ ಎಂಬ ವಿಪಿಎನ್ ಹಾಕಿ. ಕ್ಲೌಡಿಗೆ ದಿನವಿಡೀ ವೀಡಿಯೊ ಏರಿಸುವ ಸೆಟ್ಟಿಂಗ್, ಫೋನುಗಳ ಫೋಟೊ ಬ್ಯಾಕಪ್, ವಿಂಡೋಸ್ ಅಪ್‌ಡೇಟ್ ಮೂರನ್ನೂ ಎರಡನೇ ವ್ಯಾನಿನಲ್ಲಿ ತಡೆಯುವ ರೂಲ್ ಹಾಕಿಡಿ. ಡೇಟಾ ಮಿತಿ ಇರುವ ಪ್ಲಾನ್ ಆದರೆ ಆಫೀಸ್ ಕೆಲಸಕ್ಕೆ ಮೊದಲು ಇವೇ ಅದನ್ನು ಮುಗಿಸುದು.

ಕುಂಬಳೆ_ಕೇಬಲ್
ತಿಂಗಳಿಗೊಮ್ಮೆ ಫೈಬರ್ ಕನೆಕ್ಟರ್ ಎಳೆದು ಅರ್ಧ ಗಂಟೆ ಡಿಶ್ಶಿನಲ್ಲೇ ಕೆಲಸ ಮಾಡಿ. ಪ್ಲಾನ್ ಮುಗಿದದ್ದು, ಕನೆಕ್ಟರಿನಲ್ಲಿ ಇರುವೆ ಗೂಡು ಕಟ್ಟಿದ್ದು, ಫರ್ಮ್‌ವೇರ್ ಅಪ್‌ಡೇಟ್ ಆಗದೆ ನಿಂತದ್ದು ಎಲ್ಲ ಆಗಲೇ ಗೊತ್ತಾಗುದು.